ಹಳೆ ಚೇತಕ್‌ನ ಕ್ಲಚ್: ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾಕ್ಕೆ ಬಂದು, 65ನೇ ಹೆದ್ದಾರಿ ಹಿಡಿದು, ರಾಜೇಶ್ವರ ದಾಟಿ ಹುಮನಾಬಾದ್ ಮುಟ್ಟುವ ದಾರಿಯಲ್ಲಿ ಈಗಲೂ ಹಳೆ ಸ್ಕೂಟರುಗಳು ಕಣ್ಣಿಗೆ ಬೀಳುತ್ತವೆ. ಹಾಲಿನ ಕ್ಯಾನ್ ಕಟ್ಟಿಕೊಂಡ ಬಜಾಜ್ ಸೂಪರ್, ನಿವೃತ್ತ ಮೇಷ್ಟ್ರೊಬ್ಬರು ದಿನಾ ಒರೆಸಿ ಇಟ್ಟುಕೊಂಡ ಪ್ರಿಯಾ, ಅಪ್ಪನ ನೆನಪಿಗೆಂದು ಮಗ ಬಣ್ಣ ಹೊಡೆಸಿ ರಸ್ತೆಗಿಳಿಸಿದ ಚೇತಕ್. ನನ್ನದೂ ಅಪ್ಪನ ಕಾಲದ ಚೇತಕ್ಕೇ. ಬುಕ್ ಮಾಡಿ ವರ್ಷಗಟ್ಟಲೆ ಕಾದು ಪಡೆದ ಗಾಡಿ. ಆಗ ಬುಕ್ ಮಾಡುವಾಗ ತೊಟ್ಟಿಲಲ್ಲಿದ್ದ ಕೂಸು ಗಾಡಿ ಮನೆಗೆ ಬರುವ ಹೊತ್ತಿಗೆ ಶಾಲೆಗೆ ಹೋಗುತ್ತಿತ್ತು.

ನಾನು ಕಂಡಂತೆ ಇಂಥ ಗಾಡಿಗಳು ಮೂಲೆ ಸೇರುವುದು ಇಂಜಿನ್ ಕೈಕೊಟ್ಟು ಅಲ್ಲ, ಕ್ಲಚ್ಚಿನ ಕಾಟಕ್ಕೆ ಬೇಸತ್ತು. ಎಷ್ಟೋ ಸಲ ತಪ್ಪು ಕ್ಲಚ್ಚಿನದು ಆಗಿರುವುದೇ ಇಲ್ಲ. ಹೊರಗಿನಿಂದ ಒಳಕ್ಕೆ, ಅಗ್ಗದ್ದರಿಂದ ದುಬಾರಿಯ ಕಡೆಗೆ ಹುಡುಕುತ್ತ ಹೋದರೆ ಬಹಳ ಸಾರಿ ಪಾನಾ ಎರಡನೇ ನಟ್ಟಿಗೆ ಹೋಗುವ ಮೊದಲೇ ಕೆಲಸ ಮುಗಿಯುತ್ತದೆ. ಕೆಳಗಿನ ಸೂತ್ರಗಳೂ ಅದೇ ಕ್ರಮದಲ್ಲಿವೆ.

1. ರೋಗ ಯಾವುದು, ಮೊದಲು ಗೊತ್ತುಮಾಡಿಕೊಳ್ಳಿ.

ಕ್ಲಚ್ಚಿಗೆ ಬರುವ ಮುಖ್ಯ ರೋಗ ಎರಡೇ, ಎರಡೂ ಒಂದಕ್ಕೊಂದು ತದ್ವಿರುದ್ಧ. ಒಂದು, ಹಿಡಿಯಬೇಕಾದಾಗ ಜಾರುವುದು. ಇಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಏರು ಬಂದರೆ, ಹಿಂದೆ ಒಬ್ಬರು ಕೂತರೆ ಇನ್ನೂ ಹೆಚ್ಚು. ಇನ್ನೊಂದು, ಬಿಡಬೇಕಾದಾಗ ಬಿಡದಿರುವುದು. ಲಿವರ್ ಪೂರ್ತಿ ಒತ್ತಿದರೂ ಗಾಡಿ ಮುಂದಕ್ಕೆ ಎಳೆಯುತ್ತದೆ, ಮೊದಲ ಗೇರ್ ಹಾಕಿದರೆ ಧಡಕ್ಕನೆ ಜಿಗಿದು ಬಂದ್ ಆಗುತ್ತದೆ, ನಿಂತ ಮೇಲೆ ನ್ಯೂಟ್ರಲ್ ಸಿಗುವುದಿಲ್ಲ. ಮಿಸ್ತ್ರಿಯ ಹತ್ತಿರ ಹೋಗಿ “ಕ್ಲಚ್ ಖರಾಬ್ ಆಗ್ಯದರೀ” ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. “ಸ್ಲಿಪ್ ಆಗ್ಲತ್ತದ” ಅನ್ನಿ, ಇಲ್ಲವೇ “ಫ್ರೀ ಆಗವಲ್ದು” ಅನ್ನಿ. ಒಂದರ ಮದ್ದು ಇನ್ನೊಂದಕ್ಕೆ ವಿಷ: ಜಾರುವ ಕ್ಲಚ್ಚಿನ ವೈರ್ ಬಿಗಿ ಮಾಡಿದರೆ ಅದು ಇನ್ನಷ್ಟು ಜಾರುತ್ತದೆ.

2. ನಿಂತಲ್ಲೇ ಪರೀಕ್ಷೆ ಮಾಡಿ.

ಗಾಡಿ ಬಿಸಿಯಾದ ಮೇಲೆ ಬಯಲಲ್ಲಿ ನಿಲ್ಲಿಸಿ, ಎರಡೂ ಬ್ರೇಕ್ ಗಟ್ಟಿ ಹಿಡಿದು, ನಾಲ್ಕನೇ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಲಿವರ್ ಬಿಡಿ. ಇಂಜಿನ್ ಗಕ್ಕನೆ ನಿಂತರೆ ಕ್ಲಚ್ ಹಿಡಿಯುತ್ತಿದೆ ಎಂದರ್ಥ. ನಿಲ್ಲದೆ ಓಡುತ್ತಲೇ ಇದ್ದರೆ ಒಳಗೆ ಪ್ಲೇಟುಗಳು ಜಾರುತ್ತಿವೆ. ಒಂದೇ ಸಲ, ಎರಡೇ ಸೆಕೆಂಡು. ಮತ್ತೆ ಮತ್ತೆ ಮಾಡಿದರೆ ಪ್ಲೇಟುಗಳ ಮೇಲಿನ ಚೆನ್ನಾಗಿದ್ದ ಕಾರ್ಕೂ ಸುಡುತ್ತದೆ. ಬಿಡದ ರೋಗಕ್ಕೆ ಇದರ ಉಲ್ಟಾ: ಇಂಜಿನ್ ಬಂದ್ ಇರಲಿ, ಗೇರಿನಲ್ಲಿಟ್ಟು ಲಿವರ್ ಒತ್ತಿ ಗಾಡಿ ನೂಕಿ. ಚಳಿಗಾಲದ ಬೆಳಿಗ್ಗೆ ಎಣ್ಣೆ ಗಟ್ಟಿಯಾಗಿ ಕೊಂಚ ಎಳೆದರೆ ಚಿಂತೆ ಬೇಡ. ಒಂದು ಹೆಜ್ಜೆಯೂ ಕದಲದಿದ್ದರೆ ಮಾತ್ರ ಮುಂದಿನದು ಓದಿ.

3. ಕಿಕ್ ಹೇಳುವ ಮಾತು ಕೇಳಿ.

ಇದು ಬಹಳ ಜನರಿಗೆ ಗೊತ್ತಿಲ್ಲ. ಚೇತಕ್, ಸೂಪರ್ ಮುಂತಾದ ವೆಸ್ಪಾ ಮನೆತನದ ಗಾಡಿಗಳಲ್ಲಿ ಕಿಕ್ಕಿನ ಬಲ ನೇರವಾಗಿ ಇಂಜಿನ್ನಿಗೆ ಹೋಗುವುದಿಲ್ಲ. ಗೇರ್ ಪೆಟ್ಟಿಗೆಯ ಹಲ್ಲುಗಳನ್ನು ಹಾಯ್ದು, ಕ್ಲಚ್ ಮೂಲಕ ಕ್ರ್ಯಾಂಕ್ ಮುಟ್ಟುತ್ತದೆ. ಆದ್ದರಿಂದಲೇ ಲಿವರ್ ಒತ್ತಿ ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗದು. ಲಿವರ್ ಮುಟ್ಟದೆಯೇ ಕಿಕ್ ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಕೆಳಗಿಳಿದರೆ ಮೊದಲು ಕ್ಲಚ್ಚನ್ನೇ ಅನುಮಾನಿಸಿ. ಕರಕರ ಹಲ್ಲು ಕಡಿಯುವ ಸದ್ದೂ ಬಂದರೆ ಅದು ಕಿಕ್ಕಿನ ಗೇರ್ ಸವೆದ ಲಕ್ಷಣ.

4. ಲಿವರಿನಲ್ಲಿ ಎರಡು ಮಿಲಿಮೀಟರ್ ಸಡಿಲ ಇರಲಿ.

ಎಡಗೈ ಲಿವರ್ ಕೂರುವ ಬುಡದಲ್ಲಿ, ಲಿವರಿಗೂ ಹಿಡಿಕೆಯ ಮೈಗೂ ನಡುವೆ, ವೈರ್ ಬಿಗಿಯಾಗುವ ಮೊದಲು ಸುಮಾರು ಎರಡು ಮಿ.ಮೀ. ಸಂದು ಬಿಡಬೇಕು. ಸಂದೇ ಇಲ್ಲದಿದ್ದರೆ ಕ್ಲಚ್ ಸದಾ ಅರೆಬರೆ ಒತ್ತಿದ ಸ್ಥಿತಿಯಲ್ಲಿರುತ್ತದೆ, ಜಾರುತ್ತದೆ. ಸಂದು ಹೆಚ್ಚಾದರೆ ಲಿವರ್ ಪೂರ್ತಿ ಬಂದರೂ ಕ್ಲಚ್ ಬಿಡುವುದಿಲ್ಲ. ಇಂಜಿನ್ ಕಡೆಯ ಅಡ್ಜಸ್ಟರ್ ಹೊರಕ್ಕೆ ತಿರುಗಿಸಿದರೆ ಸಡಿಲ ಕಡಿಮೆ, ಒಳಕ್ಕೆ ತಿರುಗಿಸಿದರೆ ಹೆಚ್ಚು. ಆದ ಮೇಲೆ ಲಾಕ್ ನಟ್ ಬಿಗಿಯಲು ಮರೆಯಬೇಡಿ.

ಈ ಸಂದು ತಾನಾಗಿ ಬದಲಾದರೆ ಅದಕ್ಕೂ ಅರ್ಥವಿದೆ. ಹೆಚ್ಚುತ್ತ ಹೋದರೆ ವೈರ್ ಹಿಗ್ಗುತ್ತಿದೆ ಅಥವಾ ಎಳೆ ಬಿಚ್ಚುತ್ತಿದೆ. ಕಡಿಮೆಯಾಗುತ್ತ ಹೋದರೆ ಒಳಗೆ ಕಾರ್ಕ್ ಸವೆಯುತ್ತಿದೆ.

5. ವೈರನ್ನು ಎರಡೂ ತುದಿಯಿಂದ ನೋಡಿ.

ಕ್ಲಚ್ ವೈರ್ ಒಮ್ಮೆಲೇ ಹರಿಯುವುದಿಲ್ಲ. ಲಿವರಿನೊಳಗೆ ಕೂರುವ ಗುಂಡಿನ ಕೊರಳಲ್ಲಿ ಮೊದಲು ಒಂದು ಎಳೆ ತುಂಡಾಗಿ ಮುಳ್ಳಿನ ಹಾಗೆ ಹೊರಬರುತ್ತದೆ. ಆಮೇಲೆ ಇನ್ನೊಂದು. ಆ ದಿನಗಳಲ್ಲಿ ಲಿವರ್ ಒತ್ತಿದರೆ ಬೆರಳಿಗೆ ಕರ್ ಕರ್ ಎಂದು ಗೊತ್ತಾಗುತ್ತದೆ. ನನಗೂ ಮೂರು ದಿನದಿಂದ ಗೊತ್ತಾಗುತ್ತಿತ್ತು. ನಾಳೆ ನೋಡಿದರಾಯಿತು ಎಂದು ಬಿಟ್ಟೆ. ರಾಜೇಶ್ವರ ದಾಟಿ ಹುಮನಾಬಾದ್ ಕಡೆ ಹೊರಟಿದ್ದೆ, ಹೊತ್ತು ಮುಳುಗುತ್ತಿತ್ತು, ಗೇರ್ ಇಳಿಸಲು ಹೋದರೆ ಲಿವರ್ ಜೀವ ಹೋದ ಹಾಗೆ ಹಿಡಿಕೆಗೆ ಬಂದು ಅಂಟಿತು. ಹಿಂದೆ ಹೈದರಾಬಾದಿನ ಲಾರಿಗಳ ಸಾಲು. ಡಿಕ್ಕಿಯಲ್ಲಿ ಬೇರೆ ವೈರ್ ಇರಲಿಲ್ಲ.

ದಾರಿಬದಿಯ ಪಂಕ್ಚರ್ ಅಂಗಡಿಯ ಹಿರಿಯರೊಬ್ಬರು ಬಂದು ಲಿವರ್ ಅಲುಗಾಡಿಸಿ ನೋಡಿ ಹೇಳಿದರು: “ವೈರ್ ಹೋದ್ರ ಗಾಡಿ ಹೋಗ್ಯದೇನ್ರಿ? ನೂಟ್ರಲ್‌ನಾಗ ಕಿಕ್ ಹೊಡಿರಿ. ಕಾಲಿಲೆ ನೂಕ್ರಿ. ಗಾಡಿ ಓಡ್ಲತ್ತದ ಅಂದ ಮ್ಯಾಲ ಎರಡನೇದ್ದು ಹಾಕ್ರಿ. ನಿಂದ್ರೋಮುಂದ ಮೊದಲ ನೂಟ್ರಲ್, ಆಮ್ಯಾಲ ಬ್ರೇಕ್.” ಅವರು ಹೇಳಿದ ಹಾಗೇ ಮಾಡಿದೆ. ಎರಡನೇ ಗೇರ್ ಬೀಳುವಾಗ ಗಾಡಿ ಒಮ್ಮೆ ಕೊಸರಿತು, ಆಮೇಲೆ ಹೊರಟಿತು. ಮುಂದಿನ ಗೇರಿಗೆ ಆಕ್ಸಿಲೇಟರ್ ಪೂರ್ತಿ ಬಿಟ್ಟು ಆ ಕ್ಷಣದಲ್ಲೇ ಹಿಡಿಕೆ ತಿರುಗಿಸಿದರೆ ಮೆತ್ತಗೆ ಬೀಳುತ್ತದೆ. ಹೀಗೆ ಹುಮನಾಬಾದ್ ಮುಟ್ಟಿದೆ. ಇದು ಮನೆ ಸೇರುವ ಉಪಾಯ ಅಷ್ಟೇ. ಪೇಟೆಯ ಗದ್ದಲದಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಮಾಡುವಂಥದ್ದಲ್ಲ.

ಹೊಸ ವೈರ್ ಹಾಕುವಾಗ ಹೊರಗಿನ ಕವಚವನ್ನೂ ನೋಡಿ. ಅದು ಎಲ್ಲಾದರೂ ಮಡಚಿಕೊಂಡಿದ್ದರೆ, ತುದಿಯ ಟೋಪಿ ಒಡೆದಿದ್ದರೆ, ನೀವು ಒತ್ತಿದ ಬಲವೆಲ್ಲ ಕವಚ ಕುಗ್ಗುವುದಕ್ಕೇ ಖರ್ಚಾಗಿ ಕ್ಲಚ್ಚಿಗೆ ತಲುಪುವುದಿಲ್ಲ. ನನ್ನ ಗಾಡಿಗೇ ಒಮ್ಮೆ ಹೀಗಾಯಿತು. ಕ್ಲಚ್ ಬಿಡುತ್ತಿಲ್ಲ ಎಂದು ಒಂದು ಗ್ಯಾರೇಜಿನಲ್ಲಿ ಪ್ಲೇಟೆಲ್ಲ ಹೊಸದು ಹಾಕಿಸಿಕೊಂಡು ಬಂದೆ, ರೋಗ ಇದ್ದ ಹಾಗೇ ಇತ್ತು. ಕೊನೆಗೆ ನಾನೇ ಮನೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಮಗಳಿಗೆ ಲಿವರ್ ಒತ್ತು ಎಂದು ಹೇಳಿ ಇಂಜಿನ್ ಕೆಳಗೆ ಬೆಳಕು ಹಿಡಿದು ನೋಡಿದರೆ, ಕ್ಲಚ್ ತೋಳು ಕದಲುವ ಬದಲು ಕವಚದ ತುದಿಯೇ ಒಳಕ್ಕೆ ಹೋಗುತ್ತಿತ್ತು. ಎಲ್ಲಕ್ಕೂ ಮೊದಲು ಇದೊಂದು ಪರೀಕ್ಷೆ ಮಾಡಿ: ಒಬ್ಬರು ಲಿವರ್ ಒತ್ತಲಿ, ನೀವು ಕೆಳಗೆ ತೋಳು ನೋಡಿ.

6. ಡಿಕ್ಕಿಯಲ್ಲಿ ಇಷ್ಟು ಇರಲಿ.

ಒಂದು ಒಳವೈರ್, ತುದಿಗೆ ಬಿಗಿಯುವ ಸ್ಕ್ರೂ ನಿಪ್ಪಲ್ ಎರಡು (ಒಂದು ಮಣ್ಣಿನಲ್ಲಿ ಬಿದ್ದು ಕಳೆದೇ ಕಳೆಯುತ್ತದೆ), ಪಕ್ಕಡ್, ಎರಡು ಮೂರು ಪಾನಾ, ಒಂದು ಚಿಂದಿ ಬಟ್ಟೆ. ಹೊಸ ವೈರಿಗೆ ಎಣ್ಣೆ ಸವರಿಯೇ ಒಳಗೆ ಬಿಡಿ. ಹಳೆ ವೈರ್ ಬಿಗಿಯೆನಿಸಿದರೆ ಮೇಲಿನ ತುದಿಗೆ ಪ್ಲಾಸ್ಟಿಕ್ ಹಾಳೆಯ ಸಣ್ಣ ಲಾಳಿಕೆ ಕಟ್ಟಿ, ಹೊಲಿಗೆ ಯಂತ್ರದ ಎಣ್ಣೆ ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೆಳಗಿನ ತುದಿಯಲ್ಲಿ ಎಣ್ಣೆ ಹನಿಕಿದ್ದರೆ ಕೆಲಸ ಆಯಿತು.

7. ಎಣ್ಣೆಯ ವಿಷಯದಲ್ಲಿ ಅವಸರ ಬೇಡ.

ಹಳೆ ಗಾಡಿಯನ್ನು ಹೊಸದಾಗಿ ಕೊಂಡ ಹುಡುಗರು ಹೆಚ್ಚು ಎಡವುವುದು ಇಲ್ಲೇ. ಎರಡು ಎಣ್ಣೆಗಳಿವೆ, ಎರಡೂ ಬೇರೆ. ಪೆಟ್ರೋಲಿಗೆ ಬೆರೆಸುವ 2ಟಿ ಎಣ್ಣೆ, ಲೀಟರಿಗೆ 20 ಮಿ.ಲೀ. ಲೆಕ್ಕದಲ್ಲಿ, ಸಿಲಿಂಡರಿಗೆ ಹೋಗಿ ಸುಟ್ಟುಹೋಗುತ್ತದೆ. ಗೇರ್ ಪೆಟ್ಟಿಗೆಯ ಎಣ್ಣೆ ಅಲ್ಲೇ ಉಳಿಯುತ್ತದೆ, ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿ ತಿರುಗುತ್ತದೆ. ಚೇತಕ್ಕಿನ ಕ್ಲಚ್ ಒಣ ಕ್ಲಚ್ ಅಲ್ಲ. ಎಣ್ಣೆ ಕೆಟ್ಟರೆ ಕ್ಲಚ್ ಕೆಟ್ಟಂತೆಯೇ.

ಬೇಕಾದದ್ದು ಎಸ್‌ಎಇ 30 ದರ್ಜೆಯ ಎಣ್ಣೆ, ಸುಮಾರು 250 ಮಿ.ಲೀ. ಅಳತೆಪಾತ್ರೆ ಇಲ್ಲದಿದ್ದರೂ ಪರವಾಗಿಲ್ಲ: ಗಾಡಿ ನೆಟ್ಟಗೆ ನಿಲ್ಲಿಸಿ, ತುಂಬುವ ತೂತಿನ ಅಂಚಿಗೆ ಎಣ್ಣೆ ಬಂದು ತುಳುಕಿದರೆ ಮಟ್ಟ ಸರಿಯಾಗಿದೆ. ಲಾರಿಗೆ ಹಾಕುವ 90ರ ಗಟ್ಟಿ ಗೇರ್ ಎಣ್ಣೆ ನಮ್ಮೂರಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ. ಬಸವಕಲ್ಯಾಣ ಲಾರಿ ಕೆಲಸದ ಊರು, ಸಿಗದೆ ಏನು. ಆದರೆ ಅದು ಚೇತಕ್ಕಿಗೆ ಅಲ್ಲ: ಪ್ಲೇಟುಗಳ ನಡುವೆ ಅಂಟಿನ ಹಾಗೆ ನಿಂತು ಬೆಳಗಿನ ಹೊತ್ತು ಕ್ಲಚ್ ಬಿಡಲು ಕೊಡುವುದಿಲ್ಲ. ಕಾರಿನ ಹೊಸ ತೆಳು ಎಣ್ಣೆಯದು ಇನ್ನೊಂದು ತೊಂದರೆ. ಉಜ್ಜುವಿಕೆ ತಗ್ಗಿಸುವ ಮದ್ದು ಅದರಲ್ಲಿ ಬೆರೆತಿರುತ್ತದೆ, ಕಾರ್ಕ್ ಹಿಡಿಯುವುದೋ ಉಜ್ಜುವಿಕೆಯಿಂದಲೇ. ಎಸ್‌ಎಇ 30 ಸಿಗದಿದ್ದ ಪಕ್ಷದಲ್ಲಿ ಡಬ್ಬಿಯ ಮೇಲೆ ‘ಜಾಸೊ ಎಂಎ’ ಎಂದಿರುವ ಬೈಕ್ ಎಣ್ಣೆ ತೆಗೆದುಕೊಳ್ಳಿ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಒಗ್ಗುತ್ತದೆ ಎಂಬುದರ ಗುರುತು ಅದು.

ಹಳೆ ಎಣ್ಣೆ ಇಳಿಸುವಾಗ ಗಾಡಿ ಬಿಸಿಯಿರಲಿ, ಇಳಿದದ್ದನ್ನು ಬಿಳಿ ತಟ್ಟೆಯಲ್ಲಿ ಹಿಡಿಯಿರಿ. ಬೆರಳಲ್ಲಿ ಉಜ್ಜಿ ನೋಡಿ, ಮೂಗಿಗೂ ಹಿಡಿಯಿರಿ. ಕಂದು ಪುಡಿ ಕಂಡರೆ ಕಾರ್ಕ್ ಉದುರುತ್ತಿದೆ. ಸುಟ್ಟ ವಾಸನೆ ಬಂದರೆ ಕ್ಲಚ್ ಬಹಳ ದಿನದಿಂದ ಜಾರುತ್ತಿದೆ. ಪೆಟ್ರೋಲ್ ವಾಸನೆ ಬಂದು ಎಣ್ಣೆ ಹಾಕಿದ್ದಕ್ಕಿಂತ ಹೆಚ್ಚು ಇಳಿದರೆ, ಕ್ಲಚ್ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಅದೇ ಸೀಲಿನ ದಾರಿಯಲ್ಲಿ ಎಣ್ಣೆ ಇಂಜಿನ್ನಿಗೂ ಹೋಗಬಹುದು. ಆಗ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಎಣ್ಣೆ ತಾನಾಗಿ ಖಾಲಿಯಾಗುತ್ತದೆ. ಸೀಲ್ ಬದಲಿಸದೆ ಪ್ಲೇಟ್ ಬದಲಿಸಿ ಉಪಯೋಗವಿಲ್ಲ.

ಲಕ್ನೋದ ವಿಜಯ್ ಸೂಪರ್ ಇಟ್ಟುಕೊಂಡವರಿಗೆ ಒಂದು ಮಾತು: ನಿಮ್ಮದು ಲ್ಯಾಂಬ್ರೆಟಾ ಮನೆತನ, ಒಳಗೆ ಚೈನ್ ಇದೆ, ಎಣ್ಣೆಯ ಲೆಕ್ಕವೂ ಬೇರೆ. ಈ ಅಳತೆಗಳನ್ನು ಅದಕ್ಕೆ ಹಚ್ಚಬೇಡಿ.

8. ಗೇರಿನ ತಪ್ಪನ್ನು ಕ್ಲಚ್ಚಿನ ಮೇಲೆ ಹಾಕಬೇಡಿ.

ಈ ಗಾಡಿಗಳಲ್ಲಿ ಗೇರೂ ಕ್ಲಚ್ಚೂ ಒಂದೇ ಕೈಯಲ್ಲಿ, ಹಾಗಾಗಿ ಗುರುತು ತಪ್ಪುತ್ತದೆ. ಎಳೆಯುವಾಗ ಟಕ್ ಎಂದು ಗೇರ್ ಹಾರಿ ಇಂಜಿನ್ ಕೂಗಿದರೆ ಅದು ಗೇರ್ ಕ್ರಾಸ್ ಸವೆದದ್ದು ಅಥವಾ ಗೇರ್ ವೈರ್ ಸಡಿಲಾದದ್ದು. ಜಾರುವ ಕ್ಲಚ್ ಹೀಗೆ ಟಕ್ ಎನ್ನುವುದಿಲ್ಲ, ಸದ್ದಿಲ್ಲದೆ ಕೈಬಿಡುತ್ತದೆ. ಹೊರಡುವಾಗ ಗಾಡಿ ಗಡಗಡ ನಡುಗಿದರೆ ಇಂಜಿನ್ ಕಟ್ಟಿದ ರಬ್ಬರ್ ಬುಷ್‌ಗಳನ್ನು ಮೊದಲು ನೋಡಿ.

9. ನಿಂತೇ ಇದ್ದ ಗಾಡಿಯನ್ನು ಉಪಾಯದಿಂದ ಬಿಡಿಸಿ.

ಮಳೆಗಾಲವೆಲ್ಲ ದನದ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಚ್ಚಲು ಹೋಗಬೇಡಿ. ಹೊಸ ಎಣ್ಣೆ ಹಾಕಿ, ಎರಡನೇ ಗೇರಿನಲ್ಲಿಟ್ಟು, ಲಿವರ್ ಹಿಡಿಕೆಗೆ ಒತ್ತಿ ದಾರದಿಂದ ಕಟ್ಟಿ, ಹಿಂದೆ ಮುಂದೆ ಜಗ್ಗಾಡಿ. ಬಿಡದಿದ್ದರೆ ಕಟ್ಟಿದ ಹಾಗೇ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ನೂಕಿ.

10. ಬಿಚ್ಚಲೇಬೇಕಾದರೆ, ಪೂರ್ತಿ ಸಿದ್ಧರಾಗಿ ಬಿಚ್ಚಿ.

ಸಡಿಲ ಸರಿಯಿದೆ, ವೈರ್ ಸರಿಯಿದೆ, ಎಣ್ಣೆ ಹೊಸದು, ಆದರೂ ನಾಲ್ಕನೇ ಗೇರಿನ ಪರೀಕ್ಷೆಯಲ್ಲಿ ಇಂಜಿನ್ ನಿಲ್ಲುತ್ತಿಲ್ಲ, ಇಲ್ಲವೇ ಲಿವರ್ ಒತ್ತಿದರೂ ಕ್ಲಚ್ ಬಿಡುತ್ತಿಲ್ಲ. ಈಗ ಬಿಚ್ಚಬಹುದು. ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಣ್ಣೆ ಇಳಿಸಿ, ಹಿಂದಿನ ಚಕ್ರ ತೆಗೆಯಿರಿ. ಗಾಡಿಯನ್ನು ಬಲಮಗ್ಗುಲಿಗೆ ಹಳೆ ಟೈರಿನ ಮೇಲೆ ಒರಗಿಸಿದರೆ ಚಕ್ರವಿದ್ದ ಜಾಗದ ಹಿಂದೆ ಕ್ಲಚ್ ಮುಚ್ಚಳ ಎದುರಾಗುತ್ತದೆ. ಹತ್ತಿರದಲ್ಲಿ ಬೀಡಿ ಸೇದುವವರು ಇದ್ದರೆ ದೂರ ಕಳಿಸಿ.

ಮುಚ್ಚಳ ತೆಗೆದ ಕೂಡಲೇ ಅದರ ಒಳಗಿನ ಸಣ್ಣ ಹಿತ್ತಾಳೆ ಗುಂಡಿ ನೋಡಿ. ನೀವು ಲಿವರ್ ಒತ್ತಿದಾಗಲೆಲ್ಲ ತಿರುಗುವ ಕ್ಲಚ್ಚಿನ ಎದೆಗೆ ಹೋಗಿ ಒತ್ತುವುದು ಇದೇ. ಇದರ ಮುಖ ಸವೆದು ಗಿಡ್ಡವಾಗಿದ್ದರೆ, ಕ್ಲಚ್ ಬಿಡದಿದ್ದುದಕ್ಕೆ ಕಾರಣ ಅಲ್ಲೇ ಸಿಕ್ಕಿತು. ಪ್ಲೇಟ್ ಮುಟ್ಟುವ ಅಗತ್ಯವೇ ಇಲ್ಲ. ಕೆಲವೇ ರೂಪಾಯಿಯ ವಸ್ತು.

ಕ್ಲಚ್ ಹೊರಬರಬೇಕಾದರೆ ನಡುವಿನ ನಟ್ ಬಿಚ್ಚಬೇಕು. ಕಿರೀಟದ ಹಾಗೆ ಕಚ್ಚುಗಳಿರುವ ನಟ್ ಅದು. ಅದಕ್ಕೇ ಮಾಡಿದ ಟೂಲ್ ಬೇಕು. ಛೇಣಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಚ್ಚುವುದನ್ನು ನೋಡಿದ್ದೇನೆ. ಪ್ರತಿ ಏಟೂ ಕ್ರ್ಯಾಂಕ್ ಬೇರಿಂಗಿಗೆ ಬೀಳುತ್ತದೆ, ಕಚ್ಚುಗಳು ಹಾಳಾಗಿ ಮುಂದಿನ ಸಲ ಟೂಲೂ ಕೂರುವುದಿಲ್ಲ. ಟೂಲ್ ಇಲ್ಲದವರ ಕೈಗೆ ಗಾಡಿ ಕೊಡಬೇಡಿ, ಎಷ್ಟು ಪರಿಚಯದವರಾದರೂ ಸರಿ. ನಟ್ಟಿನ ಕೆಳಗಿನ ಲಾಕ್ ವಾಷರ್ ಪ್ರತಿ ಸಲ ಹೊಸದೇ ಹಾಕಿ. ಕ್ಲಚ್ ಎಳೆಯುವ ಮೊದಲು ಕೆಳಗೆ ಬಟ್ಟೆ ತುರುಕಿ, ಏಕೆಂದರೆ ಕ್ರ್ಯಾಂಕಿನ ಮೇಲೆ ಅರ್ಧಚಂದ್ರದ ಆಕಾರದ ಒಂದು ಚಾವಿ ಇರುತ್ತದೆ. ಅದು ಗೇರ್ ಪೆಟ್ಟಿಗೆಯೊಳಗೆ ಬಿದ್ದರೆ ಅವತ್ತಿನ ದಿನ ಅದನ್ನು ಹುಡುಕುವುದರಲ್ಲೇ ಹೋಯಿತು.

ಉದ್ದನೆಯ ಬೋಲ್ಟ್, ದೊಡ್ಡ ವಾಷರ್, ನಟ್ ಹಾಕಿ ಸ್ಪ್ರಿಂಗುಗಳನ್ನು ಒತ್ತಿದರೆ ಒಳಗಿನ ರಿಂಗ್ ಕಳಚುತ್ತದೆ, ಪ್ಲೇಟುಗಳು ಒಂದೊಂದಾಗಿ ಬರುತ್ತವೆ. ಬರುವ ಕ್ರಮವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಚೆನ್ನಾಗಿರುವ ಕಾರ್ಕ್ ಬೆಲ್ಲದ ಬಣ್ಣಕ್ಕಿರುತ್ತದೆ, ಉಗುರಿಗೆ ಮೆತ್ತಗೆ ಸಿಗುತ್ತದೆ. ಸುಟ್ಟದ್ದು ಕಪ್ಪಾಗಿ, ಗಾಜಿನ ಹಾಗೆ ಮಿರುಗುತ್ತದೆ. ನಡುವಿನ ಸ್ಟೀಲ್ ಪ್ಲೇಟುಗಳನ್ನು ಕಿಟಕಿ ಗಾಜಿನ ತುಂಡಿನ ಮೇಲಿಟ್ಟು ಒತ್ತಿ ನೋಡಿ. ಅಲುಗಾಡಿದರೆ ಬಾಗಿವೆ, ಹೊಸ ಕಾರ್ಕ್ ಹಾಕಿದರೂ ಕ್ಲಚ್ ಬಿಡದು. ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ. ಒಂದೆರಡು ಕುಳ್ಳಗೆ ಕಂಡರೆ ಎಲ್ಲವನ್ನೂ ಬದಲಿಸಿ.

ಹೊಸ ಕಾರ್ಕ್ ಪ್ಲೇಟುಗಳನ್ನು ಒಣದಾಗಿ ಹಾಕಬೇಡಿ. ಅದೇ ಗೇರ್ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಯಲಿ. ಸಂಜೆಯೇ ಗಾಡಿ ಬೇಕು ಅನ್ನುವವರ ಕ್ಲಚ್ ಸುಡುವುದು ಇಲ್ಲೇ.

11. ಹಳೆ ಪ್ಲೇಟ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ವೆಸ್ಪಾ ಹುಟ್ಟಿದ್ದು 1946ರಲ್ಲಿ, ಇಟಲಿಯಲ್ಲಿ. ಅದನ್ನು ತಯಾರಿಸುವ ಪಿಯಾಜಿಯೊ ಜತೆಗಿನ ಪರವಾನಗಿ 1971ರಲ್ಲಿ ಮುಗಿದ ಮೇಲೆ ಬಜಾಜ್ 1972ರಲ್ಲಿ ತನ್ನದೇ ಹೆಸರಲ್ಲಿ ಚೇತಕ್ ತಂದಿತು, 1980ರ ದಶಕದಲ್ಲಿ ಕಾನ್ಪುರದಿಂದ ಎಲ್‌ಎಂಎಲ್ ವೆಸ್ಪಾ ಬಂತು. ಎಲ್ಲವೂ ಒಂದೇ ಮನೆತನದವು, ನೋಡಲು ಅಣ್ಣತಮ್ಮಂದಿರ ಹಾಗೆ; ಆದರೆ ಒಂದರ ಪ್ಲೇಟ್ ಇನ್ನೊಂದಕ್ಕೆ ಕೂತೀತು ಎಂದು ಹೇಳಲಾಗದು. ಹಲ್ಲು ಎಣಿಸಿ, ಹಳೆಯದರ ಮೇಲೆ ಹೊಸದನ್ನಿಟ್ಟು ನೋಡಿ ಕೊಳ್ಳಿ. ಇಲ್ಲಿ ಸಿಗದಿದ್ದರೆ ಬೀದರ್, ಕಲಬುರಗಿ ಇದ್ದೇ ಇವೆ. ಹೆದ್ದಾರಿಯಲ್ಲಿ ಒಂದು ಕಡೆಗೆ ಸೋಲಾಪುರ, ಇನ್ನೊಂದು ಕಡೆಗೆ ಹೈದರಾಬಾದ್. ಫೋನಿನಲ್ಲಿ ‘ಚೇತಕ್’ ಎಂದಷ್ಟೇ ಹೇಳಬೇಡಿ. 2020ರಿಂದ ಅದೇ ಹೆಸರಿನ ಬ್ಯಾಟರಿ ಗಾಡಿ ಬಂದಿದೆ, ಅದಕ್ಕೆ ಕ್ಲಚ್ಚೇ ಇಲ್ಲ.

12. ಎಡಗೈಗೆ ಬಿಡುವು ಕೊಡಿ.

ಕಬ್ಬಿನ ಹಂಗಾಮಿನಲ್ಲಿ ಹುಮನಾಬಾದ್ ಸುತ್ತ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಅರ್ಧ ಕ್ಲಚ್ ಹಿಡಿದು ತೆವಳಬೇಡಿ. ಸ್ವಲ್ಪ ಅಂತರ ಬಿಟ್ಟು, ಮೊದಲ ಗೇರಿನಲ್ಲಿ ಲಿವರ್ ಪೂರ್ತಿ ಬಿಟ್ಟು ನಡೆಸಿ, ಇಲ್ಲವೇ ನ್ಯೂಟ್ರಲ್ ಮಾಡಿ ನಿಲ್ಲಿ. ವೀರಭದ್ರೇಶ್ವರ ಜಾತ್ರೆಯ ಜನಜಂಗುಳಿಯಲ್ಲಿ ಇಳಿದು ನೂಕಿಕೊಂಡು ಹೋಗುವುದೇ ಒಳ್ಳೆಯದು. ಏರಿನಲ್ಲಿ ನಿಂತಾಗ ಗಾಡಿಯನ್ನು ಹಿಡಿದಿಡಬೇಕಾದದ್ದು ಬ್ರೇಕ್, ಕ್ಲಚ್ ಅಲ್ಲ. ಮೂವರು ಕೂತು ಮೇಲೊಂದು ತೊಗರಿ ಚೀಲ ಹೇರುವವರಿಗೆ ಯಾವ ಪ್ಲೇಟೂ ಬಾಳಿಕೆ ಬರುವುದಿಲ್ಲ.

13. ಜೋಡಿಸಿದ ಮೇಲೆ ಇನ್ನೊಮ್ಮೆ ಸಡಿಲ ನೋಡಿ.

ಹೊಸ ಕಾರ್ಕ್ ಮೊದಲ ನೂರು ಕಿಲೋಮೀಟರಿನಲ್ಲಿ ಕೊಂಚ ಕೂರುತ್ತದೆ, ಲಿವರಿನ ಸಂದು ಕಿರಿದಾಗುತ್ತದೆ. ಹಾಗೇ ಬಿಟ್ಟರೆ ಹೊಸ ಕ್ಲಚ್ಚೇ ಜಾರಲು ಶುರುಮಾಡುತ್ತದೆ. ಆ ದಿನಗಳಲ್ಲಿ ಗಾಡಿ ಮೇಲೆ ಒಬ್ಬರೇ ಹೋಗಿ, ಗೇರ್ ಎಳೆದಾಡಬೇಡಿ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗಿ ಬರುವುದು ಎರಡು ಸಲ ಆಯಿತೆಂದರೆ ನೂರರ ಹತ್ತಿರ ಬಂದಂತೆ. ಎರಡನೇ ಸಲ ಮರಳುವಾಗ ಸಸ್ತಾಪುರ ಬಂಗ್ಲಾದಲ್ಲಿ ಚಹಾಕ್ಕೆ ನಿಲ್ಲಿ, ಗಾಡಿ ಸ್ವಲ್ಪ ಆರಲಿ. ಚಹಾ ಬರುವಷ್ಟರಲ್ಲಿ ಅಡ್ಜಸ್ಟರಿನ ಲಾಕ್ ನಟ್ ಸಡಿಲಿಸಿ, ಒಂದು ಸುತ್ತು ಒಳಕ್ಕೆ ತಿರುಗಿಸಿ, ಬುಡದ ಸಂದು ನೋಡಿ ಮತ್ತೆ ಬಿಗಿಯಿರಿ.